ಗೋಣಿಚೀಲದಿಂದ ಗುರುತಿನ ಚೀಟಿಗೆ

ಬೈರಸಂದ್ರ, ತಾವರೆಕೆರೆ, ಮಡಿವಾಳ. ಈ ಮೂರು ಊರುಗಳ ಮೊದಲಕ್ಷರ ಸೇರಿ ಬಿಟಿಎಂ ಲೇಔಟ್ ಆಯಿತು. ಹೊಲ, ತೋಟ, ಕೆರೆಯಂಗಳವಿದ್ದ ಕಡೆ ಮೊದಲು ಸೈಟುಗಳು ಬಂದವು, ಆಮೇಲೆ ಮನೆಗಳು, ಹೊಸೂರು ರಸ್ತೆಯ ಉದ್ದಕ್ಕೂ ಸಾಫ್ಟ್‌ವೇರ್ ಕಂಪನಿಗಳು ಬೇರೂರಿದ ಮೇಲೆ ಪಿಜಿಗಳು. ಮೂವತ್ತು-ನಲವತ್ತರ ಸೈಟಿನಲ್ಲಿ ನಾಲ್ಕೈದು ಮಹಡಿ, ಮಹಡಿಗೆ ನಾಲ್ಕೈದು ಕೋಣೆ, ಕೋಣೆಗೆ ಮೂವರು. ಇಂಥ ಕಟ್ಟಡದಿಂದ ಬೆಳಗಾದರೆ ಹೊರಬೀಳುವ ಕಸಕ್ಕೆ ಅದರದೇ ಜಾಯಮಾನ: ಊಟ ತರಿಸಿಕೊಂಡ ಪ್ಲಾಸ್ಟಿಕ್ ಡಬ್ಬಿ, ಅದರಲ್ಲಿ ಅರ್ಧ ಉಳಿದ ಸಾರು, ಪಾರ್ಸೆಲ್ಲಿನ ರಟ್ಟು, ಶಾಂಪೂ ಪೊಟ್ಟಣ, ನೀರಿನ ಬಾಟಲಿ, ಕೆಲಸ ಬದಲಾಗಿ ಊರು ಬಿಟ್ಟವರ ಹಾಸಿಗೆ ದಿಂಬು. ಎಲ್ಲವೂ ಒಂದೇ ಕಪ್ಪು ಚೀಲದಲ್ಲಿ.

ಆ ಚೀಲದಲ್ಲಿ ಮಾರಬಹುದಾದದ್ದು ಏನಿದೆ ಎಂದು ಹೊರಗಿನಿಂದಲೇ ಅಂದಾಜು ಮಾಡಬಲ್ಲವರು ಈ ನಗರದಲ್ಲಿ ಸಾವಿರಾರು ಮಂದಿ ಇದ್ದಾರೆ. ಬಹುಪಾಲು ಹೆಂಗಸರು. ನಸುಕಿನಲ್ಲೇ ಗೋಣಿಚೀಲ ಹೆಗಲಿಗೇರಿಸಿ, ಪಾಲಿಕೆಯ ಆಟೊ ಬರುವ ಮೊದಲೇ ಬೀದಿ ಸುತ್ತುತ್ತಾರೆ. ಜನ ಅವರನ್ನು ಚಿಂದಿ ಆಯುವವರು ಎನ್ನುತ್ತಾರೆ. ದಲಿತರು, ಬಡ ಮುಸ್ಲಿಮರು, ಉತ್ತರ ಕರ್ನಾಟಕದಿಂದಲೋ ತಮಿಳುನಾಡು, ಆಂಧ್ರದಿಂದಲೋ ದುಡಿಮೆ ಹುಡುಕಿ ಬಂದವರು, ಈಚಿನ ವರ್ಷಗಳಲ್ಲಿ ಬಂಗಾಳದ ಕಡೆಯವರು. ಬೆಂಗಳೂರಿನ ಕಸದ ಬಗ್ಗೆ ದಶಕಗಳ ಕಾಲ ನಡೆದ ಸಭೆ, ಟೆಂಡರು, ವರದಿ ಯಾವುದರಲ್ಲೂ ಈ ಜನರ ಸುದ್ದಿಯಿರಲಿಲ್ಲ. ಅವರ ಹೆಸರು ನಗರದ ಕಡತಕ್ಕೆ ಬಂದದ್ದು ಹೇಗೆ ಎಂಬುದೇ ‘ಹಸಿರು ದಳ’ ಎಂಬ ಸಂಸ್ಥೆಯ ಚರಿತ್ರೆ.

ನಗರದ ಕಸಕ್ಕೆ ಕೈಹಚ್ಚುವವರಲ್ಲಿ ಎರಡು ಬಗೆ. ಒಬ್ಬರು ಪೌರಕಾರ್ಮಿಕರು. 1898ರಲ್ಲಿ ಪ್ಲೇಗ್ ಅಪ್ಪಳಿಸಿ ಪೇಟೆಯ ಇಕ್ಕಟ್ಟು ಓಣಿಗಳಲ್ಲಿ ಜನ ಸತ್ತಾಗ ಬೆಂಗಳೂರಿಗೆ ನೈರ್ಮಲ್ಯದ ಚಿಂತೆ ಹತ್ತಿತು. ಬಸವನಗುಡಿ, ಮಲ್ಲೇಶ್ವರದಂಥ ಬಡಾವಣೆಗಳು ಆ ಭಯದ ಹೊತ್ತಿನಲ್ಲೇ ರೂಪುಗೊಂಡವು. ಬೀದಿ ಗುಡಿಸುವ, ಮಲ ಹೊರುವ ಕೆಲಸ ಮಾತ್ರ ಹಿಂದಿನಂತೆಯೇ ಕೆಲವೇ ಜಾತಿಗಳ ತಲೆಯ ಮೇಲೆ ಉಳಿಯಿತು. ದೇವರಾಜ ಅರಸು ಕಾಲದಲ್ಲಿ ಮಂತ್ರಿಯಾಗಿದ್ದ ಬಿ. ಬಸವಲಿಂಗಪ್ಪನವರು ತಲೆಯ ಮೇಲೆ ಮಲ ಹೊರುವ ಪದ್ಧತಿಯನ್ನು ನಿಷೇಧಿಸಿದರು. ಅದೇ ದಶಕದಲ್ಲಿ ಐ.ಪಿ.ಡಿ. ಸಾಲಪ್ಪ ಸಮಿತಿ ಎಷ್ಟು ಜನಸಂಖ್ಯೆಗೆ ಎಷ್ಟು ಕಾರ್ಮಿಕರು ಬೇಕು, ಅವರಿಗೆ ಏನೇನು ಸೌಲಭ್ಯ ಸಿಗಬೇಕು ಎಂದು ಬರೆದಿಟ್ಟಿತು. ಆ ಶಿಫಾರಸುಗಳು ಎಷ್ಟೋ ಕಾಲ ಕಾಗದದಲ್ಲೇ ಉಳಿದವು, ಗುತ್ತಿಗೆ ಪದ್ಧತಿ ಪೌರಕಾರ್ಮಿಕರನ್ನು ಹಿಂಡಿತು. ಆದರೂ ಹಾಜರಿ ಪುಸ್ತಕ ಅಂತ ಒಂದಿತ್ತು. ಹೋರಾಡಲು ಅದೊಂದು ಹಿಡಿ.

ಎರಡನೆಯವರಿಗೆ ಆ ಹಿಡಿಯೂ ಇರಲಿಲ್ಲ. ಆಯ್ದದ್ದನ್ನು ಗುಜರಿ ಅಂಗಡಿಗೆ ಹಾಕಿದರೆ ಅಂದಿನ ಅಕ್ಕಿ, ಎಣ್ಣೆ. ಗುಜರಿಯವನೇ ಕಷ್ಟಕ್ಕೆ ಸಾಲ ಕೊಡುವವನು. ಸಾಲ ತೀರುವ ತನಕ ಮಾಲು ಅವನಿಗೇ ಹಾಕಬೇಕು, ಅವನು ಹೇಳಿದ್ದೇ ದರ. ಅಲ್ಲಿಂದ ಮಾಲು ಜಾಲಿ ಮೊಹಲ್ಲಾದ ಸಗಟು ವ್ಯಾಪಾರಿಗಳ ಕೈಗೆ, ಪ್ಲಾಸ್ಟಿಕ್ಕಾದರೆ ಮೈಸೂರು ರಸ್ತೆಯ ನಾಯಂಡಹಳ್ಳಿಗೆ. ನಾಯಂಡಹಳ್ಳಿಯ ಶೆಡ್ಡುಗಳಲ್ಲಿ ಅದನ್ನು ಪುಡಿ ಮಾಡಿ, ತೊಳೆದು, ಕರಗಿಸಿ ಹರಳು ಮಾಡುತ್ತಾರೆ. ಬಕೆಟ್ಟು, ಪೈಪು ಮಾಡುವ ಕಾರ್ಖಾನೆಗಳಿಗೆ ಆ ಹರಳೇ ಕಚ್ಚಾಮಾಲು. ಸರಪಳಿಯ ಒಂದೊಂದು ಕೊಂಡಿ ದಾಟಿದಾಗಲೂ ಬೆಲೆ ಏರುತ್ತದೆ, ಮೊದಲ ಕೊಂಡಿಯಾದ ಹೆಂಗಸಿಗೆ ಮಾತ್ರ ಎಲ್ಲರಿಗಿಂತ ಕಡಿಮೆ. ಅದರ ಮೇಲೆ ಪೊಲೀಸರ ಕಾಟ ಬೇರೆ. ಬಡಾವಣೆಯಲ್ಲಿ ಏನಾದರೂ ಕಳುವಾದರೆ ಮೊದಲ ಅನುಮಾನ ಹೆಗಲಿಗೆ ಗೋಣಿಚೀಲ ಹಾಕಿದವರ ಮೇಲೆ.

ಇವರ ಕಡೆ ಯಾರೂ ನೋಡಲೇ ಇಲ್ಲ ಎನ್ನುವುದು ಅನ್ಯಾಯವಾದೀತು. 1990ರ ದಶಕದಲ್ಲೇ ಅನ್ಸೆಲ್ಮ್ ರೊಸಾರಿಯೊ ಅವರ ‘ವೇಸ್ಟ್ ವೈಸ್’ ಕಸ ಆಯುವವರನ್ನು ಜೊತೆಗೆ ಕಟ್ಟಿಕೊಂಡು ಬಡಾವಣೆಯ ಮಟ್ಟದಲ್ಲೇ ಕಸ ಬೇರ್ಪಡಿಸುವ, ಗೊಬ್ಬರ ಮಾಡುವ ಪ್ರಯೋಗಕ್ಕೆ ಇಳಿದಿತ್ತು. ಆದರೆ ನಗರದ ಗಾಳಿ ಬೇರೆ ದಿಕ್ಕಿಗೆ ಬೀಸುತ್ತಿತ್ತು. 2000ದ ಕೇಂದ್ರ ನಿಯಮಗಳು ಮನೆ ಮನೆಯಿಂದ ಕಸ ಸಂಗ್ರಹಿಸಬೇಕು ಎಂದವು. ಆ ಹೊತ್ತಿಗೆ ಬೆಂಗಳೂರಿನಲ್ಲೂ ‘ಸ್ವಚ್ಛ ಬೆಂಗಳೂರು’ ಯೋಜನೆಯಡಿ ಬೀದಿಯ ತೊಟ್ಟಿಗಳನ್ನು ತೆಗೆದು ತಳ್ಳುಗಾಡಿ, ಲಾರಿ ತಂದರು. ಮನೆಯೊಡತಿಗೆ ಅದು ಅನುಕೂಲವೇ. ತೊಟ್ಟಿಯನ್ನೇ ನಂಬಿ ಬದುಕಿದ್ದವಳಿಗೆ ಮಾತ್ರ ಅನ್ನದ ತಟ್ಟೆ ಕಸಿದಂತಾಯಿತು. ಕಸವೆಲ್ಲ ಗುತ್ತಿಗೆದಾರನ ಲಾರಿ ಹತ್ತಿ ನೇರ ಊರಾಚೆಗೆ ಹೋಗತೊಡಗಿತು. ನಗರವನ್ನು ಚೊಕ್ಕಟ ಮಾಡುವ ಒಳ್ಳೆಯ ಉದ್ದೇಶದ ಯೋಜನೆಯೊಂದು ಅತ್ಯಂತ ಬಡವರ ದುಡಿಮೆಯನ್ನು ಕಿತ್ತುಕೊಂಡಿತು, ಹಾಗಾಯಿತೆಂದು ಯಾರ ಗಮನಕ್ಕೂ ಬರಲಿಲ್ಲ. ಈ ಕಥೆಯಲ್ಲಿ ಎಲ್ಲಕ್ಕಿಂತ ಹೆಚ್ಚು ನೋಯಿಸುವ ಭಾಗ ಇದು.

ಪರಿಹಾರದ ಬೀಜ ಮೊಳೆತದ್ದು ಪುಣೆಯಲ್ಲಿ. ಅಲ್ಲಿ 1993ರಲ್ಲಿ ಹಮಾಲರ ನಾಯಕ ಬಾಬಾ ಆಢಾವ ಅವರ ಬೆಂಬಲದೊಂದಿಗೆ ಕಸ ಆಯುವವರ ಸಂಘವೊಂದು ಹುಟ್ಟಿತು: ಕಾಗದ್ ಕಾಚ್ ಪತ್ರಾ ಕಷ್ಟಕರಿ ಪಂಚಾಯತ್. ಅದನ್ನು ಕಟ್ಟಿದವರು ಎಸ್‌ಎನ್‌ಡಿಟಿ ಮಹಿಳಾ ವಿಶ್ವವಿದ್ಯಾಲಯದ ವಯಸ್ಕರ ಶಿಕ್ಷಣ ವಿಭಾಗದೊಂದಿಗೆ ಒಡನಾಟವಿದ್ದ ಕಾರ್ಯಕರ್ತೆಯರು. ಅವರಲ್ಲೊಬ್ಬರು ನಳಿನಿ ಶೇಖರ್. ಕಸ ಆಯುವುದೂ ದುಡಿಮೆ, ಆಯುವವರೂ ಕಾರ್ಮಿಕರು ಎಂಬ ಸರಳ ಮಾತನ್ನು ಆ ಸಂಘ ಹಟ ಹಿಡಿದು ಹೇಳಿತು. ಸಂಘ ಕೊಟ್ಟ ಗುರುತಿನ ಚೀಟಿಗೆ ಕೆಲವೇ ವರ್ಷಗಳಲ್ಲಿ ಪುಣೆ ಮಹಾನಗರಪಾಲಿಕೆ ತನ್ನ ಒಪ್ಪಿಗೆ ಹಾಕಿತು. ಮುಂದೆ ಅದೇ ಸಂಘದ ಒಡಲಿನಿಂದ ‘ಸ್ವಚ್ಛ್’ ಸಹಕಾರಿ ಹುಟ್ಟಿ ಮನೆ ಮನೆಯ ಕಸ ಸಂಗ್ರಹಣೆಯನ್ನೇ ವಹಿಸಿಕೊಂಡಿತು.

ನಳಿನಿ ಕೆಲವು ವರ್ಷ ಅಮೆರಿಕದಲ್ಲಿದ್ದು, ದೌರ್ಜನ್ಯಕ್ಕೆ ಒಳಗಾದ ಹೆಂಗಸರ ನಡುವೆ ಕೆಲಸ ಮಾಡಿ, 2010ರ ಸುಮಾರಿಗೆ ಬೆಂಗಳೂರಿಗೆ ಬಂದರು. ಇಲ್ಲಿ ಆಗಲೇ ಘನತ್ಯಾಜ್ಯ ನಿರ್ವಹಣೆಯ ಬಗ್ಗೆ ತಲೆಕೆಡಿಸಿಕೊಂಡ ನಾಗರಿಕರ ಒಂದು ಬಳಗವಿತ್ತು. ಅಪಾರ್ಟ್‌ಮೆಂಟುಗಳಲ್ಲಿ ಹಸಿ ಕಸ, ಒಣ ಕಸ ಬೇರ್ಪಡಿಸುವುದನ್ನು ತಾವೇ ಮಾಡಿ ತೋರಿಸುತ್ತಿದ್ದ, ಬಹುಪಾಲು ಮಧ್ಯಮವರ್ಗದ ಹೆಂಗಸರ ಬಳಗ ಅದು. ಕಸವನ್ನು ಬೇರ್ಪಡಿಸಿಟ್ಟರೆ ಅದನ್ನು ಕೊಳ್ಳುವವರು, ವಿಂಗಡಿಸುವವರು ಯಾರು ಎಂಬ ಪ್ರಶ್ನೆಗೆ ಆ ಬಳಗಕ್ಕೆ ಉತ್ತರ ಬೇಕಿತ್ತು. ಉತ್ತರ ಗೊತ್ತಿದ್ದವರು ಬೀದಿಯಲ್ಲಿದ್ದರು. ಇಬ್ಬರನ್ನೂ ಒಂದೇ ಜಮಖಾನದ ಮೇಲೆ ಕೂರಿಸಿದ್ದೇ ನಳಿನಿ ಮತ್ತು ಸಂಗಡಿಗರು ಕಟ್ಟಿದ ಹಸಿರು ದಳದ ಮೊದಲ ದೊಡ್ಡ ಕೆಲಸ. ಕರುಣೆಯ ಭಾಷೆಯನ್ನು ಅದು ಬಳಸಲಿಲ್ಲ, ಲೆಕ್ಕದ ಭಾಷೆಯಲ್ಲಿ ಮಾತಾಡಿತು. ಸುಮಾರು 15,000 ಮಂದಿ ಕಸ ಆಯುವವರು ದಿನಕ್ಕೆ ಸಾವಿರ ಟನ್ನಿಗೂ ಮೇಲ್ಪಟ್ಟು ಮಾಲನ್ನು ಕಸದ ಗುಂಡಿಗೆ ಹೋಗದಂತೆ ತಡೆಯುತ್ತಾರೆ, ಅದರಿಂದ ಪಾಲಿಕೆಗೆ ವರ್ಷಕ್ಕೆ ಸುಮಾರು 84 ಕೋಟಿ ರೂಪಾಯಿ ಉಳಿಯುತ್ತದೆ ಎಂಬ ಅಂದಾಜನ್ನು ಸಂಘಟಕರು ಅಧಿಕಾರಿಗಳ ಮುಂದೆ ಮತ್ತೆ ಮತ್ತೆ ಇಟ್ಟರು.

2011ರಲ್ಲಿ ಲೋಕ ಅದಾಲತ್ತಿನ ನಿರ್ದೇಶನದ ಬಲದಿಂದ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆ (ಬಿಬಿಎಂಪಿ) ಕಸ ಆಯುವವರನ್ನು ನೋಂದಾಯಿಸಿಕೊಂಡು ಗುರುತಿನ ಚೀಟಿ ಕೊಡತೊಡಗಿತು. ಪುಣೆಯ ಚೀಟಿ ಸಂಘದ್ದು, ಪಾಲಿಕೆಯ ಒಪ್ಪಿಗೆ ಅದಕ್ಕಿತ್ತು. ಬೆಂಗಳೂರಿನದು ಪಾಲಿಕೆಯೇ ಕೊಟ್ಟದ್ದು. ವೃತ್ತಿಯ ಗುರುತಾಗಿ ಇಂಥ ಚೀಟಿಯನ್ನು ಸ್ಥಳೀಯಾಡಳಿತವೇ ನೀಡಿದ್ದು ದೇಶದಲ್ಲಿ ಮೊದಲು ಇಲ್ಲಿ. ಮುಂದಿನ ವರ್ಷಗಳಲ್ಲಿ ಸಾವಿರಾರು ಮಂದಿಗೆ ಅದು ತಲುಪಿತು.

ಒಂದು ಚೀಟಿಯಿಂದ ಏನಾದೀತು? ಭಾವಚಿತ್ರ, ಹೆಸರು, ಪಾಲಿಕೆಯ ಮುದ್ರೆ. ಅಷ್ಟನ್ನು ಕುತ್ತಿಗೆಗೆ ಹಾಕಿಕೊಂಡು ಬಡಾವಣೆಗೆ ಬಂದ ಹೆಂಗಸನ್ನು ಬೀಟ್ ಪೊಲೀಸ್ ತಡೆದರೆ ತೋರಿಸಲು ಈಗ ಒಂದು ಕಾಗದವಿದೆ. ಅಪಾರ್ಟ್‌ಮೆಂಟಿನ ಸೆಕ್ಯುರಿಟಿ ಗೇಟು ತೆರೆಯಲು ಒಂದು ಕಾರಣವಿದೆ. ಬ್ಯಾಂಕ್ ಖಾತೆ, ಮಕ್ಕಳ ವಿದ್ಯಾರ್ಥಿವೇತನ, ಆರೋಗ್ಯ ವಿಮೆ, ಒಂದಕ್ಕೆ ಅರ್ಜಿ ಹಾಕಲು ಇನ್ನೊಂದು ದಾಖಲೆ ಕೇಳುವ ಸರ್ಕಾರಿ ಕಿಟಕಿಗಳ ಮುಂದೆ ಮೊದಲ ದಾಖಲೆಯಾಗಿ ಅದು ನಿಲ್ಲುತ್ತದೆ. ಹಸಿರು ದಳದ ಕಾರ್ಯಕರ್ತರ ದಿನಚರಿಯ ದೊಡ್ಡ ಪಾಲು ಇಂದಿಗೂ ಈ ಕಿಟಕಿಗಳ ಮುಂದೆಯೇ ಕಳೆಯುವುದು: ಆಧಾರ್‌ನಲ್ಲಿ ತಪ್ಪಾದ ಹೆಸರು, ಪಡಿತರ ಚೀಟಿಯಲ್ಲಿ ಬಿಟ್ಟುಹೋದ ಮಗು, ಜನನ ಪ್ರಮಾಣಪತ್ರವೇ ಇಲ್ಲದ ಅಜ್ಜಿ. ಪತ್ರಿಕೆಗಳಿಗೆ ಸುದ್ದಿಯಾಗದ ಈ ಕೆಲಸವೇ ಸಂಸ್ಥೆಯನ್ನು ಜನ ನಂಬುವಂತೆ ಮಾಡಿತು ಎಂದರೆ ಉತ್ಪ್ರೇಕ್ಷೆಯಲ್ಲ.

ಅಷ್ಟರಲ್ಲಿ 2012 ಬಂತು. ನಗರದ ಕಸ ಬೀಳುತ್ತಿದ್ದ, ಯಲಹಂಕದ ಆಚೆಯ ಮಾವಳ್ಳಿಪುರದ ಜನ, ತಮ್ಮ ಬಾವಿಯ ನೀರು ಕೆಟ್ಟಿದೆ, ಇನ್ನು ನಿಮ್ಮ ಕಸ ಬೇಡ ಎಂದು ಲಾರಿಗಳಿಗೆ ಅಡ್ಡ ನಿಂತರು. ಆ ಕಸದ ಗುಂಡಿ ಮುಚ್ಚಿತು. ನಗರದ ಬೀದಿ ಬೀದಿಯಲ್ಲಿ ಕಸ ಕೊಳೆಯಿತು, ವಿದೇಶಿ ಪತ್ರಿಕೆಗಳೂ ಉದ್ಯಾನನಗರಿಯ ನಾತದ ಬಗ್ಗೆ ಬರೆದವು. ಉಳಿದ ಹೊರೆ ಹೊತ್ತ ಮಂಡೂರಿನ ಜನರೂ 2014ರಲ್ಲಿ ರಸ್ತೆಗಿಳಿದರು. ಊರಿನ ಕೊಳೆಯನ್ನು ಹಳ್ಳಿಯ ಮೇಲೆ ಸುರಿದು ಕೈತೊಳೆದುಕೊಳ್ಳುವ ಕಾಲ ಮುಗಿದಿದೆ ಎಂದು ಬೆಂಗಳೂರಿಗೆ ಕಲಿಸಿದವರು ಈ ಎರಡು ಹಳ್ಳಿಗಳ ರೈತರು. ಅವರ ಋಣವನ್ನು ನಗರ ಇನ್ನೂ ತೀರಿಸಿಲ್ಲ.

ಈ ಬಿಕ್ಕಟ್ಟಿನಲ್ಲೇ ಕಸ ಆಯುವವರಿಗೆ ಬಾಗಿಲು ತೆರೆಯಿತು. 2012ರ ಅಕ್ಟೋಬರಿನಿಂದ ಮನೆಯಲ್ಲೇ ಕಸ ಬೇರ್ಪಡಿಸುವುದನ್ನು ಬಿಬಿಎಂಪಿ ಕಡ್ಡಾಯ ಮಾಡಿತು. ವಾರ್ಡಿಗೊಂದು ಒಣತ್ಯಾಜ್ಯ ಸಂಗ್ರಹಣಾ ಕೇಂದ್ರ ಬೇಕೆಂದು ಹೈಕೋರ್ಟ್ ಹೇಳಿತು. ಆಗಿದ್ದ ವಾರ್ಡುಗಳು 198. ಪಾಲಿಕೆ ಶೆಡ್ಡು ಕಟ್ಟಿಸಿತು. ಶೆಡ್ಡಿನಲ್ಲಿ ಕುಳಿತು ಪ್ಲಾಸ್ಟಿಕ್ಕಿಗೂ ಪ್ಲಾಸ್ಟಿಕ್ಕಿಗೂ ಇರುವ ವ್ಯತ್ಯಾಸ ಗುರುತಿಸಬಲ್ಲವರು ಅಧಿಕಾರಿಗಳಲ್ಲಿ ಯಾರಿದ್ದರು? 2013ರಲ್ಲಿ ಟ್ರಸ್ಟ್ ಆಗಿ ನೋಂದಣಿಯಾದ ಹಸಿರು ದಳ, ಆ ಕೇಂದ್ರಗಳನ್ನು ನಡೆಸಲು ಕಸ ಆಯುತ್ತಿದ್ದವರನ್ನೇ ತಯಾರು ಮಾಡಿತು. ಲೆಕ್ಕ ಬರೆಯುವುದು, ತೂಕದ ರಸೀದಿ ಕೊಡುವುದು, ಕೆಲಸಗಾರರಿಗೆ ಸಂಬಳ ಹಂಚುವುದು, ಪಾಲಿಕೆಯ ಎಂಜಿನಿಯರ್ ಜೊತೆ ಮಾತಾಡುವುದು, ಎಲ್ಲವನ್ನೂ ಕಲಿಸಿತು. ಮೂವತ್ತಕ್ಕೂ ಹೆಚ್ಚು ಕೇಂದ್ರಗಳು ಹೀಗೆ ಅವರ ಕೈಗೆ ಬಂದವು.

ಇಂಥ ಕೇಂದ್ರದ ಒಳಗೆ ನಡೆಯುವ ಕೆಲಸವನ್ನು ಹತ್ತಿರದಿಂದ ನೋಡಿದರೆ ಅದು ಬರೀ ಮೈಕಸುವಿನ ದುಡಿಮೆಯಲ್ಲ ಎಂಬುದು ತಿಳಿಯುತ್ತದೆ. ಚೀಲ ಬಿಚ್ಚಿದೊಡನೆ ಕೈ ತಾನಾಗಿ ಓಡುತ್ತದೆ. ಕಂದು ರಟ್ಟು ಒಂದು ಕಡೆ, ದಿನಪತ್ರಿಕೆ ಇನ್ನೊಂದು ಕಡೆ, ಬರೆದ ಬಿಳಿ ಹಾಳೆಗೆ ಬೇರೆಯದೇ ರಾಶಿ, ಏಕೆಂದರೆ ಅದಕ್ಕೆ ಬೆಲೆ ಜಾಸ್ತಿ. ನೀರಿನ ಬಾಟಲಿಯ ಮುಚ್ಚಳ ಒಂದು ಜಾತಿಯ ಪ್ಲಾಸ್ಟಿಕ್, ಬಾಟಲಿ ಇನ್ನೊಂದು ಜಾತಿ, ಮೇಲಿನ ಲೇಬಲ್ ಮೂರನೆಯದು. ಹಾಲಿನ ಕವರು ತೊಳೆದಿದ್ದರೆ ಒಂದು ದರ, ಹುಳಿ ನಾತವಿದ್ದರೆ ಇನ್ನೊಂದು. ಪ್ಲಾಸ್ಟಿಕ್ ಚೀಲವನ್ನು ಬೆರಳಲ್ಲಿ ಹೊಸಕಿದಾಗ ಬರುವ ಸದ್ದಿನಿಂದಲೇ ಅದು ಎಲ್‌ಡಿ ಜಾತಿಯ ಪ್ಲಾಸ್ಟಿಕ್ಕೋ ಎಚ್‌ಎಂ ಜಾತಿಯದೋ ಎಂದು ಹೇಳುತ್ತಾರೆ. ಊಟದ ಡಬ್ಬಿ ತೊಳೆಯದೆ ಬಂದರೆ ಅದರಲ್ಲಿದ್ದ ಸಾರು ಇಡೀ ಚೀಲದ ಕಾಗದವನ್ನು ಹಾಳು ಮಾಡುತ್ತದೆ, ಬಿಟಿಎಂನಂಥ ಪಿಜಿ ಬೀದಿಗಳ ಕಸದ ದೊಡ್ಡ ತೊಡಕು ಇದೇ. ಚಿಪ್ಸ್, ಬಿಸ್ಕತ್ತಿನ ಹೊಳೆಯುವ ಪೊಟ್ಟಣಗಳನ್ನು ಗುಜರಿಯವರು ಮೂಸಿಯೂ ನೋಡುವುದಿಲ್ಲ. ಪ್ಲಾಸ್ಟಿಕ್ಕಿನ ಮೇಲೆ ಅಂಟಿಸಿದ ಲೋಹದ ಪದರವನ್ನು ಬಿಡಿಸುವುದು ಕಷ್ಟ. ಅವು ಕೊನೆಗೆ ಸಿಮೆಂಟ್ ಕಾರ್ಖಾನೆಯ ಗೂಡಿಗೆ ಉರುವಲು. ಜಾಗ ತಿನ್ನುವ, ಸಾಗಿಸಲು ಖರ್ಚಾಗುವ, ಹಣ ತಾರದ ಆ ರಾಶಿಯ ಹೊರೆ ಹೊರುವವರೂ ಇದೇ ಕೇಂದ್ರದವರು.

ಇನ್ನೊಂದು ಸಂಗತಿಯನ್ನು ಸಂಕೋಚವಿಲ್ಲದೆ ಹೇಳಬೇಕು. ಮುಟ್ಟಿನ ಬಟ್ಟೆ, ಪ್ಯಾಡು, ಮಕ್ಕಳ ಡೈಪರುಗಳನ್ನು ಜನ ಒಣ ಕಸದೊಳಗೇ ಎಸೆಯುತ್ತಿದ್ದರು, ಮತ್ತೊಬ್ಬ ಹೆಂಗಸು ಬರಿಗೈಯಲ್ಲಿ ಅದನ್ನು ಎತ್ತಿಡಬೇಕಾಗುತ್ತಿತ್ತು. ಪ್ಯಾಡನ್ನು ಹಳೆಯ ಪತ್ರಿಕೆಯಲ್ಲಿ ಸುತ್ತಿ ಮೇಲೊಂದು ಕೆಂಪು ಚುಕ್ಕಿ ಇಡಿ ಎಂಬ ನಾಗರಿಕ ಬಳಗದ ಅಭಿಯಾನ ಹುಟ್ಟಿದ್ದು ಈ ಹಿಂಸೆಯಿಂದ. 2015ರ ಡಿಸೆಂಬರಿನಲ್ಲಿ ಹೈಕೋರ್ಟ್ ಎರಡು ಬುಟ್ಟಿ, ಒಂದು ಚೀಲದ ಪದ್ಧತಿಗೆ ಮುದ್ರೆ ಒತ್ತಿತು: ಹಸಿ ಕಸಕ್ಕೆ ಹಸಿರು ಬುಟ್ಟಿ, ಇಂಥ ತ್ಯಾಜ್ಯಕ್ಕೆ ಕೆಂಪು ಬುಟ್ಟಿ, ಒಣ ಕಸಕ್ಕೆ ಚೀಲ. ಒಂದು ಚುಕ್ಕಿ ಇಡಲು ಅರೆಗಳಿಗೆ ಸಾಕು. ಅಷ್ಟನ್ನೂ ಮಾಡದ ಮನೆಗಳು ದಕ್ಷಿಣ ಬೆಂಗಳೂರಿನ ಸುಶಿಕ್ಷಿತ ಬಡಾವಣೆಗಳಲ್ಲೇ ಈಗಲೂ ಇವೆ.

ಅದೇ ಡಿಸೆಂಬರಿನಲ್ಲಿ ಜಯನಗರದ ಒಣತ್ಯಾಜ್ಯ ಕೇಂದ್ರ ನಡೆಸುತ್ತಿದ್ದ ಮನ್ಸೂರ್, ಪ್ಯಾರಿಸ್ಸಿನ ಹವಾಮಾನ ಶೃಂಗಸಭೆಯಲ್ಲಿದ್ದರು. ಚಿಕ್ಕಂದಿನಿಂದ ಕಸದ ನಡುವೆಯೇ ಬೆಳೆದ ಮನುಷ್ಯ. ಭೂಮಿಯ ಬಿಸಿ ತಗ್ಗಿಸುವುದು ಹೇಗೆಂದು ದೇಶಗಳ ಮುಖ್ಯಸ್ಥರು ಚರ್ಚಿಸುತ್ತಿದ್ದ ಊರಿನಲ್ಲಿ, ಕಸ ಮರುಬಳಕೆಯಾದರೆ ಎಷ್ಟು ಉರುವಲು ಉಳಿಯುತ್ತದೆ, ಕಸವನ್ನು ಸುಡುವ ಯಂತ್ರಗಳು ಬಂದರೆ ತಮ್ಮಂಥವರ ಗತಿಯೇನು ಎಂದು ಹೇಳಲು ಲೋಕದ ನಾನಾ ಕಡೆಯ ಕಸ ಆಯುವವರೊಂದಿಗೆ ಅವರು ಹೋಗಿದ್ದರು. ಬೊಗೊಟಾ, ಬ್ಯೂನಸ್ ಐರಿಸ್, ಪುಣೆ, ಬೆಂಗಳೂರು: ಎಲ್ಲ ಕಡೆಯೂ ಒಂದೇ ಕಥೆ ಎಂಬುದು ಇಂಥ ಕೂಟಗಳಲ್ಲಿ ಗೊತ್ತಾಗುತ್ತದೆ. ಕಸಕ್ಕೆ ಬೆಲೆಯಿದೆ ಎಂದು ದೊಡ್ಡ ಕಂಪನಿಗಳಿಗೆ ತಿಳಿದ ದಿನವೇ ಬಡವರನ್ನು ಅದರಿಂದ ದೂರ ತಳ್ಳುವ ಕೆಲಸ ಶುರುವಾಗುತ್ತದೆ.

ಹಸಿರು ದಳ ಬೆಳೆದ ಬಗೆಯಲ್ಲಿ ಮೆಚ್ಚಬೇಕಾದ ಒಂದು ವಿವೇಕವಿದೆ. ದಾನದ ಹಣ ಎಂದೂ ಸಾಲದು ಎಂಬುದನ್ನು ಅದು ಬೇಗ ಅರಿತುಕೊಂಡಿತು. ದೊಡ್ಡ ಅಪಾರ್ಟ್‌ಮೆಂಟುಗಳು, ಹೋಟೆಲುಗಳು ತಮ್ಮ ಕಸವನ್ನು ತಾವೇ ನಿಭಾಯಿಸಬೇಕು ಎಂಬ ನಿಯಮ ಬಂದಾಗ, ಅವುಗಳಿಗೆ ಸೇವೆ ಕೊಡಲು 2015ರಲ್ಲಿ ‘ಹಸಿರು ದಳ ಇನ್ನೋವೇಶನ್ಸ್’ ಎಂಬ ಕಂಪನಿ ಬೇರೆಯಾಗಿ ಹುಟ್ಟಿತು. ಕಸ ಆಯುತ್ತಿದ್ದವರು ಅದರಲ್ಲಿ ವಾಹನವಿಟ್ಟು ದುಡಿಯುವವರಾದರು. ಮದುವೆ, ಓಟದ ಸ್ಪರ್ಧೆಗಳಂಥ ಸಮಾರಂಭಗಳ ಕಸದ ಜವಾಬ್ದಾರಿಯೂ ಬಂತು. 2019ರಲ್ಲಿ ಇಂಗ್ಲೆಂಡಿನ ಸೌಂದರ್ಯವರ್ಧಕಗಳ ಕಂಪನಿ ‘ದಿ ಬಾಡಿ ಶಾಪ್’ ಬೆಂಗಳೂರಿನ ಕಸ ಆಯುವವರು ಸಂಗ್ರಹಿಸಿದ ಪ್ಲಾಸ್ಟಿಕ್ಕನ್ನು ನ್ಯಾಯವಾದ ಬೆಲೆಗೆ ಕೊಂಡು ಶಾಂಪೂ ಬಾಟಲಿ ಮಾಡಲು ಮುಂದಾಯಿತು. ‘ಪ್ಲಾಸ್ಟಿಕ್ಸ್ ಫಾರ್ ಚೇಂಜ್’ ಸಂಸ್ಥೆಯೊಂದಿಗೆ ಹಸಿರು ದಳವೂ ಅದರಲ್ಲಿ ಪಾಲುದಾರನಾಗಿತ್ತು. ಆದರೂ ಪ್ಲಾಸ್ಟಿಕ್ಕಿನ ದರ ನಿಂತಿರುವುದು ಕಚ್ಚಾತೈಲದ ದರದ ಮೇಲೆ. ಹೊಸ ಪ್ಲಾಸ್ಟಿಕ್ ಅಗ್ಗವಾದರೆ ಹಳೆಯದನ್ನು ಕೇಳುವವರಿಲ್ಲ. ಅರಬ್ ದೇಶದ ಬಾವಿಗೂ ಜಯನಗರದ ಶೆಡ್ಡಿನ ಕೂಲಿಗೂ ನಂಟು ಅಷ್ಟು ಗಟ್ಟಿ.

2020ರ ಮಾರ್ಚಿನ ಲಾಕ್‌ಡೌನ್ ಈ ಸರಪಳಿಯನ್ನು ಒಂದೇ ರಾತ್ರಿಗೆ ತುಂಡರಿಸಿತು. ಗುಜರಿ ಅಂಗಡಿಗಳು ಮುಚ್ಚಿದವು, ಬೀದಿಗೆ ಇಳಿಯುವಂತಿಲ್ಲ, ಅಂದಂದಿನ ಗಳಿಕೆಯಲ್ಲೇ ಉಣ್ಣುವವರ ಒಲೆ ಆರಿತು. ಸಂಸ್ಥೆ ಪಡಿತರದ ಕಿಟ್ ಹೊತ್ತು ಗುಡಿಸಲುಗಳಿಗೆ ನಡೆಯಿತು. ಯಾವ ಕೊಳೆಗೇರಿಯಲ್ಲಿ ಯಾರಿದ್ದಾರೆ ಎಂದು ಹುಡುಕಾಡಬೇಕಾಗಲಿಲ್ಲ, ವರ್ಷಗಟ್ಟಲೆ ಮಾಡಿದ ನೋಂದಣಿಯ ಪಟ್ಟಿ ಆಗ ನೆರವಿಗೆ ಬಂತು. ಇತ್ತ ಕೇಂದ್ರಗಳಲ್ಲಿ ವಿಂಗಡಿಸುವವರು, ಸೋಂಕಿತರ ಮನೆಗಳಿಂದ ಬಂದ ಮಾಸ್ಕು, ಗ್ಲೌಸುಗಳ ನಡುವೆಯೇ ಕೆಲಸ ಮಾಡಿದರು.

ಬನಶಂಕರಿಯಲ್ಲಿ ಈ ಸಂಸ್ಥೆಯ ಒಂದು ಗ್ರಂಥಾಲಯವಿದೆ, ಹೆಸರು ‘ಬುಗುರಿ’. ಕಸ ಆಯುವವರ ಮಕ್ಕಳಿಗಾಗಿ 2017ರಲ್ಲಿ ಶುರುವಾದದ್ದು. ತಾಯಿ ನಸುಕಿನಲ್ಲೇ ಹೊರಟರೆ ದೊಡ್ಡ ಮಗಳು ಚಿಕ್ಕವರನ್ನು ನೋಡಿಕೊಳ್ಳಲು ಶಾಲೆ ಬಿಡುವುದು ಈ ಕುಟುಂಬಗಳಲ್ಲಿ ತಲೆಮಾರುಗಳಿಂದ ನಡೆದು ಬಂದ ಸಂಗತಿ. ಪಠ್ಯದ ಭಯವಿಲ್ಲದೆ ಕಥೆ ಪುಸ್ತಕ ಹಿಡಿಯುವ, ಚಿತ್ರ ಬರೆಯುವ, ಓದಲು ಬಾರದಿದ್ದರೆ ಕೇಳಿಸಿಕೊಳ್ಳುವ ಜಾಗ ಮಕ್ಕಳಿಗೆ ಬೇಕೆಂದು ಸಂಸ್ಥೆಗೆ ತೋಚಿದ್ದು ದೊಡ್ಡ ಮಾತು. ಅನ್ನ, ಔಷಧ, ಚೀಟಿಗಳ ಓಡಾಟದಲ್ಲಿ ಮುಳುಗಿದ ಸಂಘಟನೆಗಳಿಗೆ ಪುಸ್ತಕ ನೆನಪಾಗುವುದು ಅಪರೂಪ.

ಬೀದಿಯಲ್ಲಿ ನಡೆದ ಈ ಕೆಲಸದ ಹಿಂದೆಯೇ ಕಾನೂನೂ ನಿಧಾನವಾಗಿ ಬಂತು. 2016ರ ಘನತ್ಯಾಜ್ಯ ನಿರ್ವಹಣಾ ನಿಯಮಗಳು ಕಸ ಆಯುವವರು ಯಾರೆಂದು ವಿವರಿಸಿ, ಅವರನ್ನು ವ್ಯವಸ್ಥೆಯೊಳಗೆ ಸೇರಿಸಿಕೊಳ್ಳುವುದು ಸ್ಥಳೀಯಾಡಳಿತದ ಹೊಣೆ ಎಂದವು. ಒಳಚರಂಡಿ ಕಾರ್ಮಿಕರಿಗಾಗಿ ಕೇಂದ್ರ ಸರ್ಕಾರ ತಂದ ‘ನಮಸ್ತೆ’ ಯೋಜನೆಗೆ 2024ರಲ್ಲಿ ಕಸ ಆಯುವವರೂ ಸೇರಿದರು. ಬೆಂಗಳೂರಿನ ಕೊಳೆಗೇರಿಗಳಲ್ಲಿ ಒಂದು ದಶಕದ ಹಿಂದೆ ನಡೆದ ಎಣಿಕೆ, ಚೀಟಿ, ವಿಮೆಯ ಕೆಲಸ ಈಗ ದೇಶದ ಊರೂರಿನಲ್ಲಿ ಸರ್ಕಾರದ್ದೇ ಕಾರ್ಯಕ್ರಮ.

ಇಲ್ಲಿ ಮಾತ್ರ ಆಡಳಿತದ ಹಲಗೆ ಮತ್ತೆ ಬದಲಾಗಿದೆ. ಕಸದ ಹೊಣೆ ಹೊರಲೆಂದೇ 2021ರಲ್ಲಿ ಬೆಂಗಳೂರು ಘನತ್ಯಾಜ್ಯ ನಿರ್ವಹಣಾ ನಿಯಮಿತ ಎಂಬ ಕಂಪನಿ ಹುಟ್ಟಿತು. 2025ರ ಸೆಪ್ಟೆಂಬರಿನಲ್ಲಿ ಬಿಬಿಎಂಪಿಯೇ ಇಲ್ಲವಾಗಿ ಗ್ರೇಟರ್ ಬೆಂಗಳೂರು ಪ್ರಾಧಿಕಾರದಡಿ ಐದು ನಗರಪಾಲಿಕೆಗಳು ಬಂದವು. ಸಾವಿರಾರು ಹೆಂಗಸರ ಕೊರಳಲ್ಲಿರುವ ಚೀಟಿಯ ಮೇಲಿನ ಮುದ್ರೆ ಹಳೆಯ ಪಾಲಿಕೆಯದ್ದು. ಹೊಸ ಐದು ಕಚೇರಿಗಳ ಮೇಜುಗಳ ಮುಂದೆ ಅದನ್ನು ಮತ್ತೆ ಹಿಡಿದು ನಿಲ್ಲುವ ಕೆಲಸ ಹಸಿರು ದಳದ ಕಾರ್ಯಕರ್ತರಿಗೆ ಬಾಕಿಯಿದೆ.